ಕಲ್ಲು ಬೇಯಿಸಿದಾಕಿ

ನಮ್ಮ ಕಡೆ ಈಗ ಯಾರು ಹೊಸಾ ಮನಿ ಕಟ್ಟಿಸಿದ್ರೂ ಮುಂದ ನಾಕು ಫೂಟು ಜಾಗಾ ಉಳದ್ರ ಸಾಕು, ಅಲ್ಲೊಂದು ಕೈತೋಟ ಆಗ್ತದ. ಕೈತೋಟ ಅಂದ ಮ್ಯಾಲೆ ಬರೇ ಗಿಡ ಅಲ್ರಿ. ಒಂದು ಸಿಮೆಂಟಿನ ಬೆಂಚು, ಒಂದು ಜೋಡಿ ಬಾತುಕೋಳಿ, ಕೊಡ ಹಿಡಕೊಂಡು ನಿಂತ ಹೆಣ್ಣಮಗಳ ಗೊಂಬಿ, ಗೇಟಿನ ಆ ಕಡೆ ಈ ಕಡೆ ಎರಡು ಸಿಂಹ. ಊರ ಹೊರಗ ಹೈವೇ ಬಾಜೂಕ ಇವನ್ನೆಲ್ಲಾ ಸಾಲಾಗಿ ನಿಲ್ಲಿಸಿ ಮಾರತಾರ, ನೀವೂ ನೋಡಿರತೀರಿ. ಎಲ್ಲಾ ಒಂದ ಅಚ್ಚಿನಾಗ ಹುಟ್ಟಿದ ಅಣ್ಣತಮ್ಮಂದಿರು. ಮುಖಾ ಒಂದ ನಮೂನಿ, ಬಾಲಾ ಒಂದ ನಮೂನಿ.

ಹಿಂಗ ತೋಟದ ಮೂರ್ತಿಗಳನ್ನ ಅಚ್ಚಿನಾಗ ತಗದು, ಪುಸ್ತಕದಾಗ ಪಟ್ಟಿ ಛಾಪಿಸಿ, ಬೇಕಾದವರಿಗೆ ಬೇಕಾದಷ್ಟು ಮಾಡಿ ಕೊಡೋ ಧಂಧೆ ಸುಮಾರು ಇನ್ನೂರೈವತ್ತು ವರ್ಷದ ಹಿಂದನ ಲಂಡನ್ನಿನೊಳಗ ಭಾರಿ ಜೋರಾಗಿ ನಡದಿತ್ತು. ಅದನ್ನ ನಡಸಿದಾಕಿ ಒಬ್ಬಾಕಿ ಹೆಣ್ಣಮಗಳು. ಮದವಿ ಆಗಿರಲಿಲ್ಲ, ಶಿಲ್ಪಿ ಮನೆತನದಾಕಿನೂ ಅಲ್ಲ. ಆಕಿ ಹೆಸರು ಎಲಿನರ್ ಕೋಡ್. ಆಕಿ ಮಾಡಿಸಿದ ಮೂರ್ತಿಗಳು ಇವತ್ತಿಗೂ ಮೂಗು ಕಿವಿ ಮುಕ್ಕಾಗದ ನಿಂತಾವ. ಆದ್ರ ಆಕಿ ಹೆಸರು ಮಾತ್ರ ಭಾಳ ದಿವಸ ಸರಿಯಾಗಿ ನಿಲ್ಲಲಿಲ್ಲ. ಇವತ್ತು ಆಕಿ ಕಥೀನ ಹೇಳಬೇಕಂತ ಕೂತೇನ್ರಿ.

ಮೊದಲ ಆ ಕಾಲ ಹೆಂಗಿತ್ತು ಅಂತ ಹೇಳತೀನಿ. ಹದಿನೆಂಟನೇ ಶತಮಾನದಾಗ ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ಇಟಲಿಗೆ ಪ್ರವಾಸ ಹೋಗಿ ಬರೂದು ಒಂದು ಪದ್ಧತಿ ಇತ್ತು. ಅಲ್ಲಿ ಹಳೇ ರೋಮನ್ನರ ತೋಟ, ತೋಟದಾಗ ಅಮೃತಶಿಲೆಯ ದೇವತಾ ಮೂರ್ತಿ, ದೊಡ್ಡ ದೊಡ್ಡ ಹೂದಾನಿ, ಸಿಂಹ, ಕಾರಂಜಿ ಎಲ್ಲಾ ನೋಡಿ ಬರೋರು. ಬಂದ ಮ್ಯಾಲೆ ನಮ್ಮ ತೋಟದಾಗೂ ಹಂಗ ಇರಬೇಕು ಅನ್ನೋ ಆಶಾ. ಆಶಾ ಆತು, ಮಾಡಿಸೂದು ಹೆಂಗ?

ಅಮೃತಶಿಲೆ ತರಸಬೇಕಂದ್ರ ಭಾಳ ತುಟ್ಟಿ. ಒಂದೊಂದು ಮೂರ್ತೀನೂ ಕೈಲೆ ಕೆತ್ತಬೇಕು. ಅಷ್ಟು ಮಾಡಿ ತೋಟದಾಗ ಇಟ್ಟರೂ ಇಂಗ್ಲೆಂಡಿನ ಥಂಡಿ ಬಿಡಂಗಿಲ್ಲ. ಫ್ರಿಜ್ಜಿನ ಮ್ಯಾಲಿನ ಖಾನೆದಾಗ ನೀರು ತುಂಬಿದ ಗಾಜಿನ ಬಾಟಲಿ ಇಟ್ಟು ಮರತ್ರ ಏನಾಗ್ತದ ಹೇಳ್ರಿ? ನೀರು ಹೆಪ್ಪುಗಟ್ಟಿ ಉಬ್ಬಿ ಬಾಟಲಿ ಒಡೀತದ. ಕಲ್ಲಿಗೂ ಅದ ಗತಿ. ಕಲ್ಲಿನ ಸಣ್ಣ ಸಣ್ಣ ರಂಧ್ರದಾಗ ಮಳಿ ನೀರು ಇಳದು, ಚಳಿಗಾಲದಾಗ ಬರ್ಫ ಆಗಿ, ಮೂರ್ತಿ ಮೂಗು, ಬೆರಳು ಎಲ್ಲಾ ಪದರು ಪದರಾಗಿ ಕಳಚಿ ಬೀಳತಿದ್ವು.

ಇನ್ನೊಂದು ದಾರಿ ಸೀಸದ ಮೂರ್ತಿ. ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್ ಹತ್ತರ ಜಾನ್ ಚಿಯರ್ ಅನ್ನೋ ಶಿಲ್ಪಿಯ ಕಾರಖಾನಿ ಇತ್ತು. ಅಲ್ಲಿ ಸೀಸ ಕರಗಿಸಿ ಅಚ್ಚಿನಾಗ ಹೊಯ್ದು ತೋಟದ ಗೊಂಬಿ ಮಾಡತಿದ್ರು. ಸೀಸಕ್ಕ ಥಂಡಿ ಹತ್ತಂಗಿಲ್ಲ ಖರೆ, ಆದ್ರ ಅದು ಮೆತ್ತಗ. ತನ್ನ ಭಾರಕ್ಕ ತಾನ ಬಾಗ್ತದ. ಹಳೇದಾದ್ರ ಕರಗಿಸಿ ಮಾರೂದೂ ಸೋವಿ.

ಮೂರನೇ ದಾರಿ ಅಂದ್ರ ಕಲ್ಲನ್ನ ನಾವ ಮಾಡೂದು. ಇದಕ್ಕೂ ಭಾಳ ಮಂದಿ ಕೈ ಹಾಕಿದ್ರು. 1722ರಾಗ ರಿಚರ್ಡ್ ಹೋಲ್ಟ್ ಅನ್ನಾಂವ ಕೃತಕ ಕಲ್ಲು ಮಾಡೋ ವಿಧಾನಕ್ಕ ಪೇಟೆಂಟು ತಗೊಂಡಿದ್ದ. ಅಂವನ ಧಂಧೆ ಉದ್ದಕ್ಕ ನಡೀಲಿಲ್ಲ. ಆಮ್ಯಾಲೆ ಬಂದಾಕಿ ಎಲಿನರ್.

ಆಕಿ ಹುಟ್ಟಿದ್ದು 1733ರಾಗ, ಇಂಗ್ಲೆಂಡಿನ ಎಕ್ಸೆಟರ್ ಊರಾಗ. ಅಪ್ಪ ಉಣ್ಣಿ ವ್ಯಾಪಾರಿ. ಅಂವನ ವ್ಯಾಪಾರ ನೆಟ್ಟಗ ಕೈ ಹತ್ತಲಿಲ್ಲ, ದಿವಾಳಿ ತಗೊಂಡ, 1769ರಾಗ ತೀರಿಕೊಂಡ. ಆದ್ರ ತಾಯಿ ಕಡೆ ಅಜ್ಜಿ ಇದ್ದಳಲ್ಲ, ಸಾರಾ ಎಂಚ್‌ಮಾರ್ಚ್ ಅಂತ, ಆಕಿ ಗಂಡ ಹೋದ ಮ್ಯಾಲೆ ಟಿವರ್ಟನ್ ಊರಾಗ ಅರಿವಿ ಧಂಧೆ ತಾನ ನಿಂತು ವರ್ಷಗಟ್ಟಲೆ ನಡಸಿದ್ದಳು. ಮೊಮ್ಮಗಳು ಅಪ್ಪನ ಕಡೆ ಹೋಗಲಿಲ್ಲ, ಅಜ್ಜಿ ಕಡೆ ಹೋದಳು ಅನಸ್ತದ ನನಗ. ಅವರ ಮನಿಮಂದಿ ಲಂಡನ್ನಿಗೆ ಬಂದ ಮ್ಯಾಲೆ ಎಲಿನರ್ ತನ್ನ ಹೆಸರಿನ ಮ್ಯಾಲೆ ನಾರಬಟ್ಟಿ ವ್ಯಾಪಾರ ಮಾಡತಿದ್ದಳು. ಅಪ್ಪ ತೀರಿಕೊಂಡ 1769ರಾಗನ, ಥೇಮ್ಸ್ ನದಿ ದಂಡಿ ಮ್ಯಾಲೆ ಲ್ಯಾಂಬೆತ್ ಅನ್ನೋ ಕಡೆ ಒಂದು ಕೃತಕ ಕಲ್ಲಿನ ಕಾರಖಾನಿ ಖರೀದಿ ಮಾಡಿದಳು. ಆಗ ಆಕಿ ವಯಸ್ಸು ಮೂವತ್ತಾರು.

ಆ ಕಾರಖಾನಿಯೊಳಗ ಮೊದಲಿಂದ ಇದ್ದಾಂವ ಡೇನಿಯಲ್ ಪಿಂಕಾಟ್. 1770ರಾಗ ಕೃತಕ ಕಲ್ಲಿನ ಬಗ್ಗೆ ಒಂದು ಪುಸ್ತಕಾನೂ ಬರದ. ಎಲಿನರ್ ಅಂವನ್ನ ಕೆಲಸಕ್ಕ ಇಟಗೊಂಡಳು. ಅಂವ ಬಂದ ಗಿರಾಕಿಗಳ ಮುಂದ ತಾನ ಯಜಮಾನ ಅನ್ನೋ ಹಂಗ ನಡಕೊಳ್ಳಾಕ ಹತ್ತಿದ. ಕಾರಖಾನಿಗೆ ಬಂದವರಿಗೂ ಗಂಡಸು ನಿಂತಿದ್ದು ಕಂಡ್ರ ಅಂವನ ಮಾಲಕ ಅನಸೂದು ಸಹಜ. ನಮ್ಮ ಕಡೆ ನೋಡ್ರಿ, ನಸುಕಿನಾಗ ಎದ್ದು ಖಾನಾವಳಿ ರೊಟ್ಟಿ ಬಡಿಯಾಕಿ ಹೆಂಡ್ತಿ, ಗಲ್ಲಾ ಮ್ಯಾಲೆ ಕೂಡಾಂವ ಗಂಡ, ಬೋರ್ಡಿನ ಮ್ಯಾಲೆ ಹೆಸರು ಮಾವಂದು. ಎಲಿನರ್ ಇದನ್ನ ಹಲ್ಲು ಕಚ್ಚಿ ಸಹಿಸ್ಲಿಲ್ಲ. 1771ರಾಗ ಪೇಪರಿನೊಳಗ ಜಾಹೀರಾತು ಕೊಟ್ಟಳು. ಪಿಂಕಾಟ್ ಈ ಧಂಧೆಯ ಮಾಲಕ ಅಲ್ಲ, ಅಂವಗ ಅಧಿಕಾರ ಇಲ್ಲ ಅಂತ ಎಲ್ಲಾರಿಗೂ ತಿಳಿಯೋ ಹಂಗ ಛಾಪಿಸಿ, ಅಂವನ್ನ ಕೆಲಸದಿಂದ ತಗದಳು.

ಅಂವನ ಜಾಗಾಕ್ಕ ಆಕಿ ತಂದದ್ದು ಜಾನ್ ಬೇಕನ್ ಅನ್ನೋ ಹುಡುಗನ್ನ. ಇಂಗ್ಲೆಂಡಿನ ರಾಯಲ್ ಅಕಾಡೆಮಿ ಶಿಲ್ಪಕ್ಕ ಕೊಟ್ಟ ಮೊದಲನೇ ಬಂಗಾರದ ಪದಕಾ ಗೆದ್ದಾಂವ ಅಂವ. ಇಲ್ಲಿ ಆಕಿ ಶಾಣ್ಯಾತನ ಕಾಣ್ತದ. ಅಂಥಾ ದೊಡ್ಡ ಶಿಲ್ಪಿಗೆ ಒಂದು ಮೂರ್ತಿ ಕೆತ್ತಪಾ ಅಂದ್ರ ಒಬ್ಬ ಸಾಹುಕಾರನ ತೋಟಕ್ಕ ಒಂದ ಮೂರ್ತಿ ಆಗ್ತದ. ಅಂವನ ಕೈಲೆ ಒಂದು ಮಾದರಿ ಮಾಡಿಸಿ, ಅದರ ಮ್ಯಾಲೆ ಅಚ್ಚು ತಗದ್ರ ನೂರು ತೋಟಕ್ಕ ಆಗ್ತದ. ಬೇಕನ್ ಮುಂದ ಭಾಳ ಹೆಸರು ಮಾಡಿದ, ಆದ್ರೂ 1799ರಾಗ ಸಾಯೂತನಾ ಆಕಿ ಕಾರಖಾನಿ ಸಂಬಂಧ ಬಿಡಲಿಲ್ಲ.

ಅಚ್ಚಿನ ಕೆಲಸ ನಮಗೇನು ಹೊಸಾದಲ್ಲ. ಗೌರಿ ಹುಣ್ಣಿವಿಗೆ ಸಕ್ರಿ ಆರತಿ ಮಾಡತೀವಲ್ಲ, ಎರಡು ಹೋಳಿನ ಕಟಗಿ ಅಚ್ಚು ಕೂಡಿಸಿ, ಬಿಗದು, ಪಾಕಾ ಹೊಯ್ದು, ಆರಿದ ಮ್ಯಾಲೆ ಬಿಚ್ಚಿದ್ರ ಒಳಗ ಆನಿ, ಒಂಟಿ, ಗೌರಿ. ಹಂಗ ಇಲ್ಲೂ. ಆದ್ರ ಅಚ್ಚು ಪ್ಲಾಸ್ಟರಿಂದು, ಒಳಗ ಹಾಕೂದು ನಾದಿದ ಮಣ್ಣು. ಹೋಳಿಗಿ ಕಣಕಾ ತಟ್ಟಿದಂಗ ಅಚ್ಚಿನ ಒಳಮೈಗೆ ಮಣ್ಣು ಒತ್ತಿ, ನಡುವ ಪೊಳ್ಳು ಬಿಡತಿದ್ರು. ದೊಡ್ಡ ಮೂರ್ತಿ ಆದ್ರ ಕೈ, ಕಾಲು, ತಲಿ ಬ್ಯಾರೆ ಬ್ಯಾರೆ ತಗದು ಜೋಡಸೂದು. ಅಚ್ಚಿನಿಂದ ಹೊರಗ ಬಂದ ಮ್ಯಾಲೆ, ಹಸಿ ಇದ್ದಾಗನ, ಕೆಲಸಗಾರರು ಕೂತು ಕಣ್ಣು, ಕೂದಲಾ, ಅರಿವಿ ನೆರಿಗಿ ಎಲ್ಲಾ ಕೈಲೆ ತಿದ್ದತಿದ್ರು. ಆಮ್ಯಾಲೆ ಒಣಗಿಸಿ ಭಟ್ಟಿಗೆ.

ಇನ್ನ ಮಣ್ಣಿನ ಅಳತಿಗೆ ಬರೂಣು. ಇದ ಭಾಳ ಸ್ವಾರಸ್ಯ ಅದ. ನೂರು ಪಾಲಿನಾಗ ಅರವತ್ತರಿಂದ ಎಪ್ಪತ್ತು ಪಾಲು ಡಾರ್ಸೆಟ್ ಮತ್ತ ಡೆವನ್ ಕಡೆಯ ನುಣ್ಣನ್ನ ಜೇಡಿಮಣ್ಣು. ಹತ್ತು ಪಾಲು, ಮೊದಲ ಒಮ್ಮೆ ಸುಟ್ಟು ಪುಡಿ ಮಾಡಿದ ಮಣ್ಣು. ಐದರಿಂದ ಹತ್ತು ಪಾಲು ಚಕಮಕಿ ಕಲ್ಲಿನ ಪುಡಿ, ಅಷ್ಟ ಬೆಣಚುಕಲ್ಲಿನ ಸಣ್ಣ ಉಸುಕು. ಮತ್ತ ಹತ್ತು ಪಾಲಿನಷ್ಟು ಗಾಜಿನ ಪುಡಿ. ಇಷ್ಟ.

ಒಂದೊಂದಕ್ಕೂ ಕಾರಣ ಅದ. ಹಸಿ ಮಣ್ಣು ಸುಟ್ಟಾಗ ಕುಗ್ಗತದ, ಕುಗ್ಗುವಾಗ ಸೀಳತದ, ಸೊಟ್ಟ ಆಗ್ತದ. ಮೊದಲ ಸುಟ್ಟ ಮಣ್ಣಿನ ಪುಡಿ ಕೂಡಿಸಿದ್ರ ಅದು ಕುಗ್ಗೂದೆಲ್ಲಾ ಮೊದಲ ಕುಗ್ಗಿ ಬಿಟ್ಟಿರತದ, ಹಿಂಗಾಗಿ ಒಟ್ಟು ಕುಗ್ಗೂದು ಕಡಿಮಿ, ನೂರಕ್ಕ ಎಂಟರಷ್ಟು. ಗಾಜಿನ ಪುಡಿ ಭಟ್ಟಿಯೊಳಗ ಕರಗಿ ಎಲ್ಲಾ ಕಣಗಳ ನಡುವ ಹರದು ಅಂಟಿನಂಗ ಹಿಡೀತದ, ರಂಧ್ರ ಮುಚ್ಚತದ. ರಂಧ್ರ ಇಲ್ಲಂದ್ರ ನೀರು ಇಳಿಯೂದಿಲ್ಲ, ನೀರು ಇಳೀಲಿಲ್ಲಂದ್ರ ಥಂಡಿಗೆ ಒಡಿಯೂದೂ ಇಲ್ಲ.

ನಮ್ಮ ಮನ್ಯಾಗಿನ ಲೆಕ್ಕದಾಗ ಹೇಳಬೇಕಂದ್ರ, ಕುಡಿಯೋ ನೀರಿನ ಹರವಿಗೂ ಉಪ್ಪಿನಕಾಯಿ ಭರಣಿಗೂ ಇರೋ ಫರಕು ಇದು. ಹರವಿ ಬೆವರತದ, ಅದಕ್ಕ ನೀರು ತಂಪು. ಭರಣಿ ಬೆವರಂಗಿಲ್ಲ, ಅದಕ್ಕ ಉಪ್ಪು, ಹುಳಿ, ಎಣ್ಣಿ ವರ್ಷಗಟ್ಟಲೆ ಇದ್ರೂ ಹೊರಗ ಒಂದು ಹನಿ ಬರಂಗಿಲ್ಲ. ಎಲಿನರ್ ಮಾಡಿಸಿದ್ದು ಕಲ್ಲು ಅಂತ ಹೆಸರಾದ್ರೂ ಜಾತಿಯಿಂದ ಭರಣಿ ಬಳಗಾ. ಕಲ್ಲಿನಂಗ ಕಾಣೋ ಭರಣಿ ಅನ್ರಿ ಬೇಕಾದ್ರ. ಆಕಿ ಅದಕ್ಕ ಗ್ರೀಕ್ ಮಾತು ಕೂಡಿಸಿ ಲಿಥೋಡಿಪೈರಾ ಅಂತ ಹೆಸರಿಟ್ಟಳು. ಎರಡು ಸಲ ಸುಟ್ಟ ಕಲ್ಲು ಅಂತ ಅರ್ಥ. ಆದ್ರ ಮಂದಿ ಬಾಯಾಗ ಅದು ಕೋಡ್ ಕಲ್ಲು ಅಂತನ ಉಳೀತು.

ಈಗ ಬೆಂಕಿ ಮಾತು. ಭಟ್ಟಿಯೊಳಗ ಸುಮಾರು 1100 ಡಿಗ್ರಿ ಕಾವು ಇರಬೇಕು, ಅದೂ ನಾಕು ದಿವಸ, ನಾಕು ರಾತ್ರಿ. ಕಾವು ಹೆಚ್ಚಾತಂದ್ರ ಮೂರ್ತಿ ಮೆತ್ತಗಾಗಿ ಕುಸೀತದ, ಕಡಿಮಿ ಆತಂದ್ರ ಗಾಜು ಸರಿಯಾಗಿ ಕರಗಂಗಿಲ್ಲ. ಒಂದು ಬದಿ ಹೆಚ್ಚು ಒಂದು ಬದಿ ಕಡಿಮಿ ಆದ್ರ ಬಾಯಿ ಬಿಡತದ. ಕಾವು ಏರಸೂದೂ ನಿಧಾನ, ಇಳಸೂದೂ ನಿಧಾನ. ಈಗಿನಂಗ ಬಟನ್ ಒತ್ತಿ ಡಿಗ್ರಿ ಇಡೂದು ಎಲ್ಲೀದು, ಬೆಂಕಿ ಬಣ್ಣ ನೋಡಿ ತಿಳಕೊಬೇಕು. ಆಳೆತ್ತರದ ಮೂರ್ತಿಯನ್ನ ಮಣ್ಣಿನಾಗ ಮಾಡಿ ಹಿಂಗ ಸುಟ್ಟು, ಸೊಟ್ಟ ಆಗದಂಗ ಹೊರಗ ತಗಿಯೂದು ಅಂದ್ರ ಸಣ್ಣ ಮಾತಲ್ಲ. ಉಳದವರು ಸೋತದ್ದು ಬಹುಶಃ ಇಲ್ಲೇ.

ನಮ್ಮ ಅತ್ತಿಯವರು ಮಾಡೋ ಗುರೆಳ್ಳ ಚಟ್ನಿ ಪುಡಿ ನಮ್ಮ ಬಳಗದಾಗ ಹೆಸರುವಾಸಿ. ಎಷ್ಟೋ ಮಂದಿ ಅಳತಿ ಬರಕೊಂಡು ಹೋಗ್ಯಾರ. ಗುರೆಳ್ಳು ಎಷ್ಟು, ಖಾರಪುಡಿ ಎಷ್ಟು, ಬಳ್ಳೊಳ್ಳಿ ಎಷ್ಟು, ಎಲ್ಲಾ ಬಾಯಿ ಬಿಟ್ಟು ಹೇಳೋರು, ಏನೂ ಮುಚ್ಚಿಡತಿದ್ದಿಲ್ಲ. ಆದ್ರೂ ಬರಕೊಂಡವರ ಪುಡಿಗೆ ಆ ರುಚಿ ಬರತಿದ್ದಿಲ್ಲ. ಅತ್ತಿಯವರು ಗುರೆಳ್ಳು ಹುರಿಯುವಾಗ ಒಲಿ ಬಿಟ್ಟು ಅತ್ತಾಗ ಇತ್ತಾಗ ಸರೀತಿದ್ದಿಲ್ಲ. ಬಾಗಲಾ ಯಾರು ಬಡದ್ರೂ ಏಳತಿದ್ದಿಲ್ಲ. ಆ ನಿಂತು ನೋಡೂದು ಯಾರೂ ಚೀಟ್ಯಾಗ ಬರಕೊಳ್ಳಲಿಲ್ಲ.

1784ರಾಗ ಎಲಿನರ್ ಒಂದು ಕ್ಯಾಟಲಾಗು ಛಾಪಿಸಿದಳು. ಅದರಾಗ 700ಕ್ಕಿಂತ ಹೆಚ್ಚು ಸಾಮಾನು. ತೋಟದ ಮೂರ್ತಿ, ಸಿಂಹ, ಸ್ಫಿಂಕ್ಸು, ಹೂದಾನಿ, ಹೂದಾನಿ ಇಡೋ ಪೀಠ, ಕಾರಂಜಿ, ಬಾಗಲಾ ಕಮಾನಿನ ಮ್ಯಾಲಿನ ಮುಖಗಳು, ಮನಿತನದ ಲಾಂಛನಗಳು, ಅಗ್ಗಿಷ್ಟಿಕೆ ಚೌಕಟ್ಟು. ಪಟ್ಟಿ ನೋಡಿ ಬೇಕಾದದ್ದು ಆರಿಸಿ ಕಾಗದಾ ಬರದ್ರ ಮಾಡಿ ಕಳಸತಿದ್ರು. ಅದರೊಳಗ ಒಂದು ನದೀ ದೇವರ ಮೂರ್ತಿ, ಬೇಕನ್ ಮಾದರಿ ಮಾಡಿದ್ದು. ದೊಡ್ಡ ಗಡ್ಡದ ಮುದುಕ, ಕೊಡಕ್ಕ ಆತುಕೊಂಡು ಒರಗಿ ಕೂತಾನ. ಲಂಡನ್ ಹತ್ತರ ಹ್ಯಾಮ್ ಹೌಸ್ ಅನ್ನೋ ಹಳೇ ಬಂಗಲೆ ಮುಂದಿನ ಅಂಗಳದಾಗ ಅಂವ ಇವತ್ತಿಗೂ ಕೂತಾನ. ವೂಸ್ಟರ್ ಸೀಮಿಯ ಕ್ರೂಮ್ ಅನ್ನೋ ದೊಡ್ಡ ಉದ್ಯಾನದಾಗ ಒಬ್ಬ ಗಡ್ಡದ ಋಷಿಯಂಥಾಂವ ಇದ್ದಾನ, ಅದೂ ಕೋಡ್ ಕಲ್ಲು.

ರಾಜ ಮೂರನೇ ಜಾರ್ಜ್ ಆಕಿಗೆ ಅರಮನಿ ಕೆಲಸ ಕೊಟ್ಟ. ವಿಂಡ್ಸರಿನ ಸೇಂಟ್ ಜಾರ್ಜ್ ಚಾಪೆಲ್, ಬಕಿಂಗ್‌ಹ್ಯಾಮ್ ಅರಮನಿ, ಗ್ರೀನಿಚ್ಚಿನ ನೌಕಾಪಡೆ ಕಟ್ಟಡ ಎಲ್ಲಾ ಕಡೆ ಕೋಡ್ ಕಲ್ಲು ಹೋತು. ಸಮುದ್ರ ದಾಟಿ ಕೆನಡಾದ ಮಾಂಟ್ರಿಯಲ್ಲಿಗೆ ಹೋದ ನೆಲ್ಸನ್ ಸ್ಮಾರಕದ ಮೂರ್ತೀನೂ ಅಲ್ಲಿಂದನ. ಆದ್ರ ಅರಮನಿಯಷ್ಟ ಅಲ್ಲ, ಸಾದಾ ಮನಿ ಬಾಗಲಾ ಮ್ಯಾಲಿನ ಒಂದು ಮುಖಾನೂ ಅದ ಕಾರಖಾನಿಯಿಂದನ ಹೋಗತಿತ್ತು. ನನಗ ಇದು ಭಾಳ ಛಲೋ ಅನಸ್ತದ. ಅಮೃತಶಿಲೆ ಇದ್ದಷ್ಟು ದಿವಸ ತೋಟದ ಮೂರ್ತಿ ರಾಜರು ಸಾಹುಕಾರರ ಸ್ವತ್ತು. ಅಚ್ಚು ಬಂದ ಮ್ಯಾಲೆ ನಡುವಿನ ಮಂದಿಗೂ ಎಟಕಿತು.

ಇಷ್ಟೆಲ್ಲಾ ನನಗ ಗೊತ್ತಾಗಲಿಕ್ಕೆ ಕಾರಣ ಮಗಳ ಬಾಣಂತನ. ಆಕಿ ಲಂಡನ್ನಿನ್ಯಾಗ ಇದ್ದಾಳ, ನಾನು ಆರು ತಿಂಗಳು ಹೋಗಿದ್ದೆ. ನಮ್ಮ ಕಡೆಯವರು ಅಲ್ಲಿ ಹೋದ್ರ ಮೊದಲ ಮಾಡೂದು ಬಸವಣ್ಣನ ದರ್ಶನ. ಥೇಮ್ಸ್ ದಂಡಿ ಮ್ಯಾಲೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನೋ ಕಡೆ, 2015ರ ನವೆಂಬರ್ 14ಕ್ಕ ನಮ್ಮ ಪ್ರಧಾನಿಯವರು ಅನಾವರಣ ಮಾಡಿದ ಮೂರ್ತಿ. ಆ ಭಾಗಕ್ಕ ಹೆಸರು ಲ್ಯಾಂಬೆತ್ ಅಂತ. ಕಾಯಕಕ್ಕ ಅಷ್ಟು ಮಾನ ಕೊಟ್ಟ ಬಸವಣ್ಣ ನಿಂತಿರೋ ಲ್ಯಾಂಬೆತ್ತಿನ್ಯಾಗನ ಎಲಿನರ್ ಐವತ್ತು ವರ್ಷ ಭಟ್ಟಿ ಉರಿಸಿದ್ದು.

ಅಲ್ಲಿಂದ ನದಿ ದಂಡಿ ಹಿಡಕೊಂಡು ನಡದ್ರ ಲ್ಯಾಂಬೆತ್ ಸೇತುವೆ ಹತ್ತರ ಸೇಂಟ್ ಮೇರಿ ಅನ್ನೋ ಹಳೇ ಚರ್ಚು. ಕೆಡವೋ ಹಂತಕ್ಕ ಬಂದಿದ್ದ ಅದನ್ನ ಉಳಿಸಿ, 1977ರಾಗ ತೋಟಗಳ ಇತಿಹಾಸದ ಮ್ಯೂಸಿಯಮ್ ಮಾಡ್ಯಾರ. ಅದರ ಅಂಗಳದಾಗ ಕ್ಯಾಪ್ಟನ್ ಬ್ಲೈ ಅನ್ನಾಂವನ ಸಮಾಧಿ ಅದ. ಕರಾವಳಿ ಮಂದಿ ಜೀಗುಜ್ಜಿ ಅಂತಾರಲ್ಲ, ಆ ಗಿಡದ ಸಸಿ ಹಡಗಿನಾಗ ಒಯ್ಯುವಾಗ ಅಂವನ ಖಲಾಸಿಗಳು ದಂಗೆ ಎದ್ದು ಅಂವನ್ನ ಸಮುದ್ರದಾಗ ಸಣ್ಣ ದೋಣಿಗೆ ಇಳಿಸಿ ಬಿಟ್ಟಿದ್ರು, 1789ರಾಗ. ಅಂವನ ಸಮಾಧಿ ಕೋಡ್ ಕಲ್ಲಿಂದು. ಕೈಯಾಡಿಸಿ ನೋಡಿದೆ. ಮ್ಯಾಲಿನ ಕೆತ್ತನಿ ಅಂಚು ಇನ್ನೂ ಚೂಪ ಅದ.

ಇನ್ನಷ್ಟು ಮುಂದ ಹೋದ್ರ ವೆಸ್ಟ್‌ಮಿನ್‌ಸ್ಟರ್ ಸೇತುವೆ. ಅದರ ಈ ತುದಿಗೆ ಎತ್ತರದ ಕಟ್ಟಿ ಮ್ಯಾಲೆ ಒಂದು ಬಿಳೇ ಸಿಂಹ ನಿಂತದ. ತೂಕ 13 ಟನ್. ವುಡಿಂಗ್ಟನ್ ಅನ್ನೋ ಶಿಲ್ಪಿ ಮಾಡಿದ್ದು, ಪಂಜದ ಕೆಳಗ ಅಂವನ ಹೆಸರಿನ ಅಕ್ಷರ ಮತ್ತ 1837ರ ಮೇ 24 ಅಂತ ತಾರೀಖು ಸಿಕ್ಕಿತ್ತಂತ. ಅಂದ್ರ ಎಲಿನರ್ ತೀರಿಕೊಂಡು ಹದಿನಾರು ವರ್ಷದ ಮ್ಯಾಲೆ, ಆಕಿ ಪದ್ಧತಿಲೇನ ಮಾಡಿದ್ದು. ಮೊದಲ ಅದು ನದಿ ದಂಡಿಯ ಒಂದು ಬೀರ್ ಕಾರಖಾನಿ ತುದಿ ಮ್ಯಾಲೆ ನಿಂತಿತ್ತು. ಆ ಕಟ್ಟಡ 1949ರಾಗ ಕೆಡವಿದಾಗ ರಾಜ ಆರನೇ ಜಾರ್ಜ್ ಹೇಳಿ ಸಿಂಹವನ್ನ ಉಳಿಸಿದ. ಈ ಸೇತುವೆ ಹತ್ತರ ಬಂದದ್ದು 1966ರಾಗ. ನೂರು ವರ್ಷಕ್ಕಿಂತ ಹೆಚ್ಚು ಕಲ್ಲಿದ್ದಲಿ ಹೊಗಿ, ಮಳಿ, ಬರ್ಫ ಎಲ್ಲಾ ಉಂಡರೂ ಕೇಸರದ ಎಳಿ ಎಳಿ ಎಣಸೋ ಹಂಗ ಅದ. ಬೀರ್ ಕಾರಖಾನಿ ಇದ್ದ ಜಾಗದಾಗ ದೊಡ್ಡ ಸಂಗೀತ ಸಭಾಂಗಣ ಕಟ್ಟುವಾಗ, 1950ರ ಸುಮಾರಿಗೆ, ಕೋಡ್ ಕಾರಖಾನಿಯ ಅರಿಯೋ ಕಲ್ಲು ನೆಲದಾಗ ಸಿಕ್ಕಿತು. ಅಷ್ಟ ಉಳದದ್ದು.

ಸಿಂಹದ ಮುಂದ ನಿಂತು ಫೋಟೋ ತಗಸೋ ಮಂದಿ ಲೆಕ್ಕ ಇಲ್ಲ. ಆಕಿ ಹೆಸರು ಕೇಳಿದವರು ಎಷ್ಟು ಮಂದಿ?

ಹೆಸರಿನ ಕಥಿ ಹೇಳತೀನಂದಿದ್ದೆ. ಎಲಿನರ್ ಮದವಿ ಆಗಲೇ ಇಲ್ಲ. ಆದ್ರೂ ವ್ಯಾಪಾರಸ್ಥ ಹೆಂಗಸರನ್ನ ಗೌರವದಿಂದ ಮಿಸೆಸ್ ಅಂತ ಕರಿಯೋ ರೂಢಿ ಇತ್ತು, ಹಿಂಗಾಗಿ ಆಕಿ ಮಿಸೆಸ್ ಕೋಡ್. ಆಕಿ ತಾಯಿ ಹೆಸರೂ ಎಲಿನರ್, ಆಕೀನೂ ಮಿಸೆಸ್ ಕೋಡ್. ತಾಯಿ 1796ರ ತನಾ ಬದುಕಿದ್ದಳು. ಮುಂದ ಬರದವರು ಏನಂದ್ರು? ಮದವಿ ಆಗದ ಹುಡುಗಿ ಇಷ್ಟು ದೊಡ್ಡ ಕಾರಖಾನಿ ಹೆಂಗ ನಡಸ್ತಾಳ, ವಿಧವೆ ತಾಯಿ ನಡಸಿರಬೇಕು, ಮಗಳು ಆಮ್ಯಾಲೆ ಬಂದಿರಬೇಕು ಅಂದ್ರು. ಹಂಗ ಪುಸ್ತಕದಾಗೂ ಬರದ್ರು. ಅಲಿಸನ್ ಕೆಲಿ ಅನ್ನೋ ಇತಿಹಾಸಕಾರ್ತಿ ಹಳೇ ದಾಖಲೆ ಎಲ್ಲಾ ಕೂಡಿಸಿ ನೋಡಿ, ಮೊದಲಿಂದ ಕಡೀತನಾ ನಡಸಿದಾಕಿ ಮಗಳ ಅಂತ ತೋರಿಸಿಕೊಟ್ಟಳು. 1990ರಾಗ ಅದರ ಮ್ಯಾಲೆ ಪುಸ್ತಕ ಬರದಳು. ಒಬ್ಬ ಹೆಣ್ಣಮಗಳ ಹೆಸರು ಸರಿ ಮಾಡಲಿಕ್ಕೆ ಇನ್ನೊಬ್ಬ ಹೆಣ್ಣಮಗಳು ಬರಬೇಕಾತು ನೋಡ್ರಿ.

ಎಲಿನರ್‌ಗೆ ಈ ಕಾಯ್ದೆ ಕಾನೂನು ಎಲ್ಲಾ ಚೆಂದಾಗಿ ಗೊತ್ತಿತ್ತು. ಆಗಿನ ಇಂಗ್ಲೆಂಡಿನ್ಯಾಗ ಮದವಿ ಆದ ಹೆಣ್ಣಿನ ರೊಕ್ಕಾ ಗಂಡನ ರೊಕ್ಕಾ. ಆಕಿ 1821ರಾಗ, ಎಂಬತ್ತೆಂಟು ವಯಸ್ಸಿಗೆ ತೀರಿಕೊಂಡಾಗ ಮೃತ್ಯುಪತ್ರದಾಗ ಎಷ್ಟೋ ಮಂದಿ ಗೆಳತ್ಯಾರಿಗೆ ರೊಕ್ಕಾ ಬರದಿದ್ದಳು. ಮದವಿ ಆದವರಿಗೆ ಕೊಡುವಾಗ, ಈ ರೊಕ್ಕಾ ಆಕಿಗೆ ಮಾತ್ರ, ಗಂಡನ ಕೈಗೆ ಹೋಗಬಾರದು ಅಂತ ಸ್ಪಷ್ಟ ಮಾಡಿದ್ದಳು. ಇದನ್ನ ಓದಿ ನನ್ನ ಮಗಳಿಗೆ ಹೇಳಿದೆ. ಅಪ್ಪನ ದಿವಾಳಿ ಕಂಡಾಕಿ, ಪಿಂಕಾಟನ ಯಜಮಾನಿಕಿ ಕಂಡಾಕಿ, ಇದನ್ನ ಮರೀಲಿಲ್ಲ ಅಂತ.

ಆಕಿ ಹಿಂದ ಕಾರಖಾನಿ ಅಲ್ಲೇ ಕೆಲಸ ನೋಡಿಕೊಳ್ಳತಿದ್ದ ವಿಲಿಯಂ ಕ್ರಾಗನ್ ಕೈಗೆ ಹೋತು. 1833ಕ್ಕ ಅಂವ ದಿವಾಳಿ ಆದ. ಅಷ್ಟರಾಗ ಸಿಮೆಂಟು ಬಂದಿತ್ತು. ಸುಡೂದು ಬ್ಯಾಡಾ, ಕಾಯೂದು ಬ್ಯಾಡಾ, ಕಲಸಿ ಅಚ್ಚಿಗೆ ಹೊಯ್ದ್ರ ಮುಗೀತು. 1840ರ ಹೊತ್ತಿಗೆ ಕೋಡ್ ಕಲ್ಲು ಮಾಡೂದು ನಿಂತಹಂಗ ಆತು. ನಮ್ಮ ಹೈವೇ ಬಾಜೂಕಿನ ಸಿಂಹಗಳು ಆ ಸಿಮೆಂಟಿನ ದಾರೀಲೇ ಬಂದವು.

ಅಲ್ಲಿಂದ ಒಂದು ಕಥಿ ಹುಟ್ಟಿತು. ಕೋಡ್ ಬಾಯಿಯ ಗುಟ್ಟು ಆಕಿ ಜೋಡಿನ ಮಣ್ಣಾತು, ಆ ಮಿಶ್ರಣ ಯಾರಿಗೂ ಗೊತ್ತಿಲ್ಲ ಅಂತ. ಒಂದೂವರಿನೂರು ವರ್ಷ ಮಂದಿ ಇದನ್ನ ಹೇಳಿಕೊಂಡು ಬಂದ್ರು. ಕಡೀಕ ಬ್ರಿಟಿಷ್ ಮ್ಯೂಸಿಯಮ್ಮಿನ ವಿಜ್ಞಾನಿಗಳು ಒಂದು ಚೂರು ಕಲ್ಲು ಪರೀಕ್ಷಾ ಮಾಡಿ ನೋಡಿದ್ರ, ಒಳಗ ಇದ್ದದ್ದು ನಾನು ಮ್ಯಾಲೆ ಹೇಳಿದ ಮಣ್ಣು, ಉಸುಕು, ಗಾಜು. ಅಷ್ಟ. ಈಗ ಅದೇ ಪಾಕದಾಗ ಮತ್ತ ಮಾಡೋ ಮಂದೀನೂ ಇಂಗ್ಲೆಂಡಿನ್ಯಾಗ ಇದ್ದಾರ. ಮಾಡೋರು ಹೇಳೂದೂ ಅದ, ಮಣ್ಣು ಕಲಸೂದು ದೊಡ್ಡದಲ್ಲ, ಬೇಯಿಸೂದು ದೊಡ್ಡದು ಅಂತ.

ಒಬ್ಬಾಕಿ ಐವತ್ತು ವರ್ಷ ಮಣ್ಣು ಆರಿಸಿ, ಶಿಲ್ಪಿ ಆರಿಸಿ, ಭಟ್ಟಿ ಕಾದು, ಲೆಕ್ಕಾ ಇಟ್ಟು, ಕೆಟ್ಟ ಮಾಲು ಹೊರಗ ಬಿಡದ ನಡಸಿದ್ದನ್ನ ಮಂದಿ ಒಂದು ಗುಟ್ಟಿನ ಚೀಟಿಗೆ ಇಳಿಸಿಬಿಟ್ರು. ಚೀಟಿ ಕಳಕೊಂಡದ್ದಕ್ಕ ಹಳಹಳಿ ಪಟ್ರು, ಆಕೀನ್ನ ಮರತ್ರು. ಮನ್ಯಾಗಿನ ಕೆಲಸಕ್ಕೂ ಇದ ಆಗ್ತದಲ್ರಿ. ಅಜ್ಜಿ ಕೈಗುಣ ಅಂತೀವಿ, ಅಜ್ಜಿ ಒಲಿ ಮುಂದ ನಿಂತ ತಾಸು ಯಾರೂ ಎಣಸಂಗಿಲ್ಲ.

ನಿಮ್ಮ ಬಳಗದವರು ಯಾರರ ಲಂಡನ್ನಿನ್ಯಾಗ ಇದ್ರ, ಬಸವಣ್ಣನ ದರ್ಶನ ಮುಗಿಸಿ ಹಂಗ ನದಿ ದಂಡಿ ಹಿಡಕೊಂಡು ಸೇತುವೆ ತನಾ ನಡೀರಿ ಅಂತ ಹೇಳ್ರಿ. ಸಿಂಹದ ಫೋಟೋ ತಗೀಲಿ, ಕೆಳಗ ಎಲಿನರ್ ಕೋಡ್ ಅಂತ ಹೆಸರು ಬರದು ಊರಿಗೆ ಕಳಸಲಿ.